ಮಗ್ಗ ತುಳಿದ ಕಾಲು

ಬಾಗಿಲು ತೆಗೆದು ಊಟದ ಪೊಟ್ಟಣ ಇಸಿದುಕೊಳ್ಳುವವರು ನನ್ನನ್ನು ಕಂಡು ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ. ಮೀಸೆ ಚಿಗುರಿದ ಹುಡುಗ ನಿಂತಿರಬೇಕಾದ ಜಾಗದಲ್ಲಿ ನರೆಗೂದಲ ಹೆಂಗಸು, ಕಂಕುಳಲ್ಲಿ ಹೆಲ್ಮೆಟ್ಟು, ಗೇಟಿನ ಹತ್ತಿರ ಗುಡುಗುಡು ಅನ್ನುವ ಕೆಂಪು ಬೈಕು. ಮಾತುಗಾರರಾದರೆ ಕೇಳಿಯೇ ಬಿಡುತ್ತಾರೆ, ಈ ಬೈಕಿನ ಹುಚ್ಚು ನಿಮಗೆ ಹೇಗೆ ಹತ್ತಿತು ಅಂತ. ಚಿಕ್ಕಂದಿನಿಂದ ಆಸೆಯಿತ್ತು ಎಂದೋ, ಅಣ್ಣ ಕಲಿಸಿದ ಎಂದೋ ಬಾಯಿಗೆ ಬಂದದ್ದು ಹೇಳಿ ಹೊರಟುಬಿಡುತ್ತೇನೆ. ಎರಡೂ ಸುಳ್ಳು. ನನಗೆ ಅಣ್ಣನೇ ಇಲ್ಲ. ನಾನು ಬೈಕಿಗೆ ಮನಸೋತದ್ದು, ನನ್ನ ಗಂಡ ಹೊಳೆಗೆ ಬಿದ್ದು ಸತ್ತೇಹೋಗಿರಬಹುದು ಎಂದು ಹುಡುಕಿಕೊಂಡು ಹೋದ ದಿನ. ಇದನ್ನು ಯಾರ ಮನೆ ಬಾಗಿಲಲ್ಲಿ ನಿಂತು ಹೇಳಲಿ?

ನನ್ನ ಹೆಸರು ಕಲೈವಾಣಿ. ಗಂಡ ಧನಶೇಖರ್, ಸೇಲಂನ ಅಮ್ಮಾಪೇಟೆಯಲ್ಲಿ ಗುಂಡಿಮಗ್ಗದ ನೇಕಾರ. ಗುಂಡಿಮಗ್ಗವೆಂದರೆ ನಡುಮನೆಯ ನೆಲವನ್ನೇ ಅಗೆದು, ಆ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಗುಂಡಿಯ ತಳದಲ್ಲಿ ಎರಡು ಹಲಗೆ. ಬಲಗಾಲಲ್ಲಿ ಒಂದನ್ನು ತುಳಿದರೆ ಎಳೆಗಳು ಬಾಯಿಬಿಟ್ಟು, ಅಡ್ಡನೂಲು ಹೊತ್ತ ಮರದ ಲಾಳಿ ಆ ಕಡೆ ಓಡುತ್ತದೆ, ಎಡಗಾಲಲ್ಲಿ ಇನ್ನೊಂದನ್ನು ತುಳಿದರೆ ಈ ಕಡೆ ಬರುತ್ತದೆ. ಬಲ, ಎಡ, ಬಲ, ಎಡ. ಇವರು ಹುಡುಗನಾಗಿದ್ದಾಗ ಇಳಿಬಿಟ್ಟ ಕಾಲು, ಊಟಕ್ಕೆ ನಿದ್ದೆಗೆ ಬಿಟ್ಟರೆ ಮೇಲೆ ಬಂದದ್ದೇ ಕಡಿಮೆ. ನಿದ್ದೆಯಲ್ಲೂ ತುಳಿಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಒದೆ ತಿಂದು ಎದ್ದು ಕೂತು, ಇದೆಂಥ ಗಂಡಸಪ್ಪಾ ಎಂದು ಅತ್ತಿದ್ದೆ. ಆಮೇಲೆ ಆ ಒದೆ ಬೀಳದಿದ್ದರೆ ನನಗೇ ನಿದ್ದೆ ಬರುತ್ತಿರಲಿಲ್ಲ.

ನನ್ನ ಕೆಲಸ ರಾಟೆಯ ಮುಂದೆ. ಗೋಡೆಗೆ ಮುಖಮಾಡಿ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದು. ನಮ್ಮ ಮಗಳು ತಮಿಳ್‌ಸೆಲ್ವಿ ಹುಟ್ಟಿ, ಬೆಳೆದು, ಮದುವೆಯಾಗಿ ಮಾರಂಡಹಳ್ಳಿಗೆ ಹೋಗುವವರೆಗೂ ನಾನು ನೋಡಿದ್ದು ಆ ಗೋಡೆಯನ್ನೇ. ಅದರ ಸುಣ್ಣ ಎಲ್ಲೆಲ್ಲಿ ಎದ್ದಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಮೊಮ್ಮಗು ಹುಟ್ಟಿದ ವರ್ಷ ನೂಲು ಕೊಡುವವರು ಇನ್ನು ಕೈಮಗ್ಗದ ಮಾಲು ಬೇಡ ಎಂದುಬಿಟ್ಟರು. ಬೀದಿಯಲ್ಲಿ ಒಂದೊಂದೇ ಮಗ್ಗ ನಿಂತು, ನಮ್ಮದೂ ನಿಂತಿತು. ಮರ ಬಿಚ್ಚಿ ಅಟ್ಟಕ್ಕೆ ಹಾಕಿ, ಲಾಳಿಯೊಂದನ್ನು ಸದ್ಯಕ್ಕೆ ದೇವರ ಗೂಡಿನಲ್ಲಿಟ್ಟೆವು. ಗುಂಡಿಗೆ ಮಣ್ಣು ತುಂಬಿ ಮೇಲೆ ಸಿಮೆಂಟು ಬಳಿಸಿದ ದಿನ ಇವರು ಊಟ ಮಾಡಲಿಲ್ಲ. ನಾನೂ ಬಲವಂತ ಮಾಡಲಿಲ್ಲ.

ಪಕ್ಕದ ಮನೆಯ ಲಕ್ಷ್ಮಣನ್, ಶಂಕಗಿರಿಯ ಲಾರಿ ಆಫೀಸಿನಲ್ಲಿ ಡ್ರೈವರ್. ಅವನೇ ಎಲ್ಲೋ ಹುಡುಕಿ ಈ ಹಳೆಯ ಕೆಂಪು ಬೈಕು ಕೊಡಿಸಿದ. "ಅಣ್ಣಾ, ಗಾಡಿ ಕಲ್ತ್ಕೊಳ್ಳಿ, ಊಟ ಡೆಲಿವರಿ ಕೆಲ್ಸ ಐತೆ, ನಾನ್ ಸೇರಿಸ್ತೀನಿ" ಎಂದ. ಹೊಸ ಹೆಲ್ಮೆಟ್ಟು ಬಂತು. ಬೈಕನ್ನು ನಿಲ್ಲಿಸಲು ಬೇರೆ ಜಾಗವಿಲ್ಲದೆ, ಮುಚ್ಚಿದ ಗುಂಡಿಯ ಮೇಲೇ ನಿಲ್ಲಿಸಿದೆವು.

ಕಲಿಸುವುದು ಊರಾಚೆಯ ಒಣಗಿದ ಕೆರೆಯಂಗಳದಲ್ಲಿ. ನಾನೂ ನೀರಿನ ಬಾಟ್ಲಿ ಹಿಡಿದು ಹೋಗುತ್ತಿದ್ದೆ. ಬಲಗಾಲಿನ ಹತ್ತಿರ ಬ್ರೇಕು, ಎಡಗಾಲಿನ ಹತ್ತಿರ ಗೇರು. ಲಕ್ಷ್ಮಣನ್ ಹತ್ತು ಸಲ ಹೇಳಿದ, ಇವರು ಹತ್ತು ಸಲ ತಲೆಯಾಡಿಸಿದರು. ಆದರೆ ಕಾಲಿಗೆ ಕಿವಿ ಇರಬೇಕಲ್ಲ. ಬ್ರೇಕಿಗೆಂದು ಬಲಗಾಲು ಒತ್ತಿದ ಕೂಡಲೇ, ಮಗ್ಗದಲ್ಲಿ ಹೇಗೋ ಹಾಗೆ, ಎಡಗಾಲು ತಾನಾಗಿ ತುಳಿದುಬಿಡುತ್ತಿತ್ತು. ಗೇರು ಬಿದ್ದು, ಎಂಜಿನ್ನು ಕಿರುಚಿ, ಗಾಡಿ ಮುಗ್ಗರಿಸಿ ಇವರು ಮಣ್ಣಲ್ಲಿ. ಏಳುವುದು, ಮತ್ತೆ ಬಲ, ಮತ್ತೆ ಎಡ, ಮತ್ತೆ ಮಣ್ಣು. ಕ್ರಿಕೆಟ್ಟು ಆಡುವವರು ಆಟ ನಿಲ್ಲಿಸಿ ನೋಡಿ ನಕ್ಕರು. ಸೀರೆಯ ಅಂಚಿನಲ್ಲಿ ಒಂದೆಳೆ ತಪ್ಪದ ಕಾಲು ಅದು. ಅದನ್ನು ಕಂಡು ನಕ್ಕರು ಅನ್ನುವ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

"ಒಂದು ರೌಂಡ್ ನಾನ್ ನೋಡ್ಲಾ?" ಎಂದು ಒಂದು ದಿನ ಸುಮ್ಮನೆ ಕೇಳಿದೆ. ನಾದಿನಿಯ ಮೊಪೆಡ್ಡನ್ನು ಬಾಬೀನು, ನೂಲು ತರಲು ಓಡಿಸಿ ಅಭ್ಯಾಸವಿತ್ತು. ಲಕ್ಷ್ಮಣನ್ ಹಿಂದೆ ಹಿಡಿದುಕೊಂಡ. ಒಂದು ಸುತ್ತು ಬಂದೆ, ಅವನು ಕೈಬಿಟ್ಟ, ಇನ್ನೊಂದು ಸುತ್ತು ಬಂದೆ. ನನ್ನ ಕಾಲು ಮಗ್ಗ ತುಳಿದದ್ದಲ್ಲ, ಹೇಳಿದಂತೆ ಕೇಳಿತು. ಇಳಿದು ನೋಡಿದರೆ ಇವರ ಮುಖ ಸಣ್ಣಗಾಗಿತ್ತು. ಅಲ್ಲಿಂದಾಚೆ ಇವರು ಕೆರೆಯಂಗಳಕ್ಕೆ ಬರಲಿಲ್ಲ, ನಾನು ಬೈಕು ಮುಟ್ಟಲಿಲ್ಲ. ಆ ರಾತ್ರಿಯಿಂದ ನಿದ್ದೆಯಲ್ಲಿ ಇವರ ಕಾಲು ಅಲುಗಾಡುವುದೂ ನಿಂತುಹೋಯಿತು. ಯಾರಿಗೆ ಹೇಳುವುದು, ನನ್ನ ಗಂಡ ಈಗ ಒದೆಯುತ್ತಿಲ್ಲ ಎಂದು?

ಒಂದು ಬೆಳಿಗ್ಗೆ, ಮಾರಂಡಹಳ್ಳಿಗೆ ಹೋಗಿ ಮಗಳನ್ನು ನೋಡಿಕೊಂಡು ಬರುತ್ತೇನೆ ಎಂದು ಇವರು ಮೊದಲ ಬಸ್ಸಿಗೆ ಹೊರಟರು. ಒಳ್ಳೆಯದೇ ಆಯಿತು, ಮೊಮ್ಮಗುವಿನ ಮುಖ ನೋಡಿದರೆ ಮನಸ್ಸು ಹಗುರಾಗುತ್ತದೆ ಎಂದು ರಾಗಿ ಹುರಿಹಿಟ್ಟು ಕಟ್ಟಿಕೊಟ್ಟೆ. ಬಿಸಿಲೇರಿದ ಮೇಲೆ ಮಗಳಿಗೆ ಫೋನು ಮಾಡಿ "ಅಪ್ಪ ಬಂದ್ರಾ?" ಎಂದರೆ, "ಅಪ್ಪನಾ? ಬರ್ತೀನಿ ಅಂತ ಯೋಳೇ ಇಲ್ವಲ್ಲಮ್ಮ" ಎಂದಳು. ಇವರ ನಂಬರಿಗೆ ಹಚ್ಚಿದೆ. ಫೋನು ದೇವರ ಗೂಡಿನಲ್ಲೇ ಬಡಿದುಕೊಂಡಿತು. ತೆಗೆಯಲು ಹೋದಾಗ ನೋಡಿದೆ, ಅದರ ಪಕ್ಕದಲ್ಲಿ ಇರಬೇಕಾದ ಲಾಳಿ ಇರಲಿಲ್ಲ.

ನಮ್ಮ ಮನೆತನದಲ್ಲಿ ಒಂದು ರೂಢಿ. ಮಗ್ಗ ಪೂರ್ತಿ ನಿಂತರೆ ಅದರ ಲಾಳಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ನೇಯ್ದವನೇ ಒಯ್ದು ಹೊಗೆನಕಲ್ಲಿನಲ್ಲಿ ಕಾವೇರಿಗೆ ಬಿಡಬೇಕು. ನನ್ನ ಮಾವ ಪೊನ್ನುಸ್ವಾಮಿ ಕಣ್ಣು ಮಂಜಾಗಿ ನೇಯಲಾಗದೆ ತಮ್ಮ ಲಾಳಿಯನ್ನು ಬಿಡಲು ಹೋದರು. ಲಾಳಿಯೂ ಹೋಯಿತು, ಅವರೂ ಹೋದರು. ಕಾಲು ಜಾರಿತು ಎಂದು ಅತ್ತೆ ಎಲ್ಲರಿಗೂ ಹೇಳಿದರು. ಕಾಲು ಜಾರುವವರು ಚಪ್ಪಲಿಯನ್ನು ಜೋಡಿಸಿಟ್ಟು, ಅಂಗಿ ಮಡಿಸಿಟ್ಟು ಜಾರುವುದಿಲ್ಲ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಇವರಿಗಂತೂ ಚೆನ್ನಾಗಿ ಗೊತ್ತಿತ್ತು. ಅಂಗಿ ಹೊತ್ತು ತಂದದ್ದು ಇವರೇ.

ಲಕ್ಷ್ಮಣನಿಗೆ ಫೋನು ಹಚ್ಚಿ ಎಲ್ಲ ಹೇಳಿದೆ. ಲೋಡು ಹೇರಿಕೊಂಡು ಶಂಕಗಿರಿಯಲ್ಲಿದ್ದ. "ಅಕ್ಕಾ, ಭಯಪಡ್ಬೇಡಿ. ಬಸ್ ಇಡ್ಕೊಂಡು ಧರ್ಮಪುರಿಗೆ ಓಗಿ, ಅಲ್ಲಿಂದ ಇನ್ನೊಂದು ಬಸ್ಸು. ಒಗೆನಕಲ್ ಪೋಲೀಸ್ನೋರ್ಗೆ ಯಾರ್ ಕೈಲಾದ್ರೂ ಯೋಳಿಸ್ತೀನಿ" ಎಂದ. ಬಸ್ ಸ್ಟ್ಯಾಂಡಿಗೆ ಹೋಗಿ ಕಾದು, ಧರ್ಮಪುರಿಯಲ್ಲಿ ಇಳಿದು ಮತ್ತೆ ಕಾದು, ಕಿಟಕಿಯಲ್ಲಿ ಕೈಕಟ್ಟಿ ಕೂತು! ಇಷ್ಟು ವರ್ಷ ಕೂತದ್ದೇ ಸಾಕಾಗಿತ್ತು. ಎದುರಿಗೆ ಮುಚ್ಚಿದ ಗುಂಡಿಯ ಮೇಲೆ ಕೆಂಪು ಬೈಕು ನಿಂತಿತ್ತು, ಬೀಗದ ಕೈ ಅದರಲ್ಲೇ ಇತ್ತು. ಮಗಳು ಬಿಟ್ಟುಹೋದ ಹಳೆಯ ಚೂಡಿದಾರ ಏರಿಸಿದೆ. ಹೆಲ್ಮೆಟ್ಟು ಹಾಕಿಕೊಂಡೆ. ಹೊಸಿಲು ದಾಟಿಸುವಾಗ ಗಾಡಿ ಮೈಮೇಲೆ ಬೀಳುವುದಿತ್ತು, ಎದುರುಮನೆಯ ವಳ್ಳಿಯಮ್ಮ ಓಡಿಬಂದು ಹಿಡಿದಳು. "ಏನ್ ಕಲೈ ಇದು, ಪೈತ್ಯಂ ಇಡೀತಾ?" ಎಂದಳು. ಹುಚ್ಚು ಹಿಡಿದಿದ್ದರೂ ಹಿಡಿದಿರಲಿ, ತಳ್ಳು ಎಂದೆ.

ಓಮಲೂರಿನವರೆಗೆ ನಾನು ಬೈಕು ಓಡಿಸಲಿಲ್ಲ, ಅದೇ ನನ್ನನ್ನು ಎಳೆದುಕೊಂಡು ಹೋಯಿತು. ಐದು ರಸ್ತೆಯ ಸಿಗ್ನಲ್ಲಿನಲ್ಲಿ ಎರಡು ಸಲ ನಿಂತುಹೋಯಿತು, ಹಿಂದಿನವರು ಹಾರ್ನು ಹೊಡೆದು ಹೊಡೆದು ನನ್ನ ವಂಶವನ್ನೆಲ್ಲ ಬೈದರು. ಹೆಲ್ಮೆಟ್ಟಿನೊಳಗೆ ಅಳುತ್ತಿದ್ದೆ. ಚೌಡೇಶ್ವರಿ ತಾಯೇ, ಒಂದು ಸಲ ಉಳಿಸಿಕೊಡು, ಇನ್ನೊಂದು ಸಲ ಕೇಳುವುದಿಲ್ಲ ಎಂದು ಅಂಗಲಾಚಿದೆ. ಒಂದು ಬಸ್ಸು ಕೈ ಸವರುವಷ್ಟು ಹತ್ತಿರ ಹೋದಾಗ, ಇವರಿಗಿಂತ ಮೊದಲು ನಾನೇ ಹೋಗುತ್ತೇನೆ ಎಂದುಕೊಂಡೆ. ಲೈಸೆನ್ಸು ಎಂಬುದೊಂದು ಇದೆ ಎಂದು ನೆನಪಾದದ್ದು ಟೋಲಿನ ಹತ್ತಿರ ಪೋಲೀಸು ಜೀಪು ಕಂಡಾಗ. ಹೆಲ್ಮೆಟ್ಟು ಹಾಕಿದ್ದೆನಲ್ಲ, ಅವರು ನೋಡಲೂ ಇಲ್ಲ.

ಆಮೇಲೆ ಹೆದ್ದಾರಿ ಅಗಲವಾಯಿತು. ಕಾಲ ಬೆರಳು ಗೇರನ್ನು ಮೇಲೆತ್ತಿತು, ಇನ್ನೊಂದು ಸಲ ಎತ್ತಿತು, ಗಾಡಿಯ ಕಿರುಚಾಟ ನಿಂತು ಹದವಾದ ಒಂದು ದನಿ ಬಂತು. ತೊಪ್ಪೂರು ಗಾಟ್ ಎದುರಾಯಿತು. ಲಾರಿಗಳು ಏದುಸಿರು ಬಿಡುತ್ತ ಹತ್ತುತ್ತಿದ್ದವು. ಒಂದನ್ನು ದಾಟಿದೆ. ಇನ್ನೊಂದನ್ನು ದಾಟಿದೆ. ತಿರುವಿನಲ್ಲಿ ಮೈ ವಾಲಿಸಿದರೆ ಗಾಡಿಯೂ ವಾಲಿತು, ಎದ್ದರೆ ಅದೂ ಎದ್ದಿತು. ಎರಡು ಕಡೆಯೂ ಬೆಟ್ಟ, ಮುಂದೆ ರಸ್ತೆ, ಎದೆಗೆ ಗಾಳಿ. ಎಲ್ಲಿಯೂ ಗೋಡೆ ಇರಲಿಲ್ಲ. ನಾನು ಜೋರಾಗಿ ಕೂಗುತ್ತಿದ್ದೆ. ಅದು ಭಯದ ಕೂಗು ಅಲ್ಲ ಅಂತ ನನಗೆ ಗೊತ್ತಾದದ್ದು ಸ್ವಲ್ಪ ದೂರ ಹೋದಮೇಲೆ.

ನನ್ನ ಗಂಡ ಇದ್ದಾರೋ ಇಲ್ಲವೋ ಗೊತ್ತಿಲ್ಲ, ನನಗೆ ಖುಷಿಯಾಗುತ್ತಿತ್ತು. ಇದಕ್ಕಿಂತ ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಥೂ ನಿನ್ನ ಜನ್ಮಕ್ಕೆ, ಎಂದು ನನಗೆ ನಾನೇ ಬೈದುಕೊಂಡೆ. ಬೈದುಕೊಳ್ಳುತ್ತಲೇ ಮುಂದಿನ ತಿರುವಿಗೆ ಮೈ ವಾಲಿಸಿದೆ. ಅಳುವೂ ನಿಲ್ಲಲಿಲ್ಲ, ಖುಷಿಯೂ ನಿಲ್ಲಲಿಲ್ಲ. ಒಂದೇ ಎದೆಯಲ್ಲಿ ಎರಡೂ ಹೇಗೆ ಹಿಡಿಸಿದವೋ ಆ ತಾಯಿಗೇ ಗೊತ್ತು.

ಧರ್ಮಪುರಿಯಲ್ಲಿ ಪೆಟ್ರೋಲು ಹಾಕಿಸಿ, ಪೆನ್ನಾಗರದ ದಾರಿ ಹಿಡಿದೆ. ಕಾಡು ಶುರುವಾಗಿ ಇಳಿಜಾರು ಬಂದಾಗ ಖುಷಿಯೆಲ್ಲ ಬತ್ತಿಹೋಯಿತು. ಹೊಳೆ ಹತ್ತಿರವಾಗುತ್ತಿದ್ದಂತೆ, ಇಷ್ಟು ಹೊತ್ತು ಗಾಳಿಗೆ ಹಾರಿಹೋಗಿದ್ದ ಮಡಿಸಿದ ಅಂಗಿ ಮತ್ತೆ ಕಣ್ಣ ಮುಂದೆ ಬಂತು. ಇನ್ನು ಒಂದು ತಿರುವು ಕಳೆದರೆ ಏನು ಕಾಣಬೇಕೋ ಎಂದು, ಗಾಡಿಯನ್ನು ಬೇಕೆಂದೇ ನಿಧಾನ ಮಾಡಿದೆ. ತಲುಪದೆ ಇದ್ದರೆ ಇವರು ಬದುಕಿಯೇ ಇರುತ್ತಾರೆ ಅನ್ನಿಸಿತು.

ಹೊಗೆನಕಲ್ಲಿನಲ್ಲಿ ನೀರು ಕೆಂಪಗೆ ಬರುತ್ತಿತ್ತು. ಎಣ್ಣೆ ತಿಕ್ಕುವವರು, ಮೀನು ಹುರಿಯುವವರು, ಎಲ್ಲರನ್ನೂ ಕೇಳಿದೆ. ಬಿಳಿ ಅಂಗಿ, ಎತ್ತರದ ಆಳು, ಕೈಯಲ್ಲಿ ಒಂದು ಮರದ ಲಾಳಿ. ಒಬ್ಬ ಹರಿಗೋಲಿನವನು ಕೈ ತೋರಿಸಿದ. "ಅಲ್ಲೊಬ್ರು ಬಂಡೆ ಸಂದೀಲಿ ಅವ್ರೆ. ಬೆಳಿಗ್ಗಿಂದ ಮರದ ತುಂಡು ಎಸೀತಾರೆ, ಎತ್ಕೊಂತಾರೆ, ಎಸೀತಾರೆ. ಬಾಂಗ ಅಂತ ಕರುದ್ರೂ ಬರಾಕಿಲ್ಲ" ಎಂದ. ಚಪ್ಪಲಿ ಬಿಟ್ಟು ಬಂಡೆಗಳ ಮೇಲೆ ಓಡಿದೆ.

ಮೊದಲು ಕಂಡದ್ದು ಇವರ ಚಪ್ಪಲಿ, ಜೋಡಿಸಿಟ್ಟಿದ್ದರು. ಅದರ ಮೇಲೆ ಮಡಿಸಿದ ಅಂಗಿ. ಬಂಡೆಯ ಆಚೆ ಇಣುಕಿದರೆ, ಮಂಡಿಯುದ್ದ ನೀರಿನಲ್ಲಿ ಕಾಲು ಇಳಿಬಿಟ್ಟು, ಮಗ್ಗದ ಗುಂಡಿಯ ದಡದಲ್ಲಿ ಕೂರುವ ಹಾಗೇ ಕೂತಿದ್ದರು. ಮೈಯೆಲ್ಲ ಒದ್ದೆ. ಕೈಯಲ್ಲಿ ಲಾಳಿ.

ನನ್ನನ್ನು ಕಂಡು ಬೆಚ್ಚಲೂ ಇಲ್ಲ. "ಓಗ್ತಾನೇ ಇಲ್ಲ ಕಲೈ" ಎಂದರು. "ಎಷ್ಟ್ ಕಿತ ಎಸ್ದೆ. ಆ ಕಡೆ ಓಗಿ, ಸುತ್ತಾಕ್ಕೊಂಡು ವಾಪಸ್ ಇಲ್ಗೇ ಬರ್ತೈತೆ. ಓದ್ ಕಡೆ ನಿಂತು ಗೊತ್ತಿಲ್ವಲ್ಲ ಅದಕ್ಕೆ."

ಅಲ್ಲಿ ಸುಳಿಯಿತ್ತು. ಎಸೆದದ್ದನ್ನು ತಿರುಗಿಸಿ ಬಂಡೆಯ ಸಂದಿಗೇ ತಂದು ಬಿಡುತ್ತಿತ್ತು.

"ಓದ್ರೆ?" ಎಂದೆ. "ಅದು ಓಗಿದ್ರೆ ಆಮೇಲೆ ಏನ್ ಮಾಡೋರು?"

ಇವರು ಲಾಳಿಯನ್ನು ಸವರುತ್ತ ಕೂತರು. ನನಗೆ ಎಲ್ಲಿತ್ತೋ ಸಿಟ್ಟು, ನೀರಿಗಿಳಿದು ಬೆನ್ನಿಗೆ ಗುದ್ದಿದೆ, ತೋಳಿಗೆ ಗುದ್ದಿದೆ, ಕೈಯಿಂದ ಲಾಳಿ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಕೊಡೇ. ರೂಢಿ ತಪ್ಪಿಸ್ಬಾರ್ದು."

"ತಪ್ಪಲಿ. ರೂಢಿ ಮಾಡ್ದೋರು ತಾಳಿ ತೆಗ್ದ್ರಾ? ನಿಮ್ಮವ್ವ ತೆಗ್ದ್ಲು."

ಇವರು ಖಾಲಿ ಕೈಯನ್ನು ನೀರಿಗೆ ಇಳಿಬಿಟ್ಟರು. ಹಿಡಿದು ಎಳೆದುಕೊಂಡು ಹೋಗಬಹುದು, ಆದರೆ ನಾಳೆ? ನಾಡಿದ್ದು? ಕಾವೇರಿ ಎಲ್ಲಿಗೂ ಹೋಗುವುದಿಲ್ಲ. ನಾನು ಪಕ್ಕದಲ್ಲೇ ನೀರಿಗೆ ಕಾಲುಬಿಟ್ಟು ಕೂತುಬಿಟ್ಟೆ. ಅಳು ಮುಗಿದುಹೋಗಿತ್ತು.

ಇವರು ನೀರನ್ನೇ ನೋಡುತ್ತ, "ಯಾವ್ ಬಸ್ಸಲ್ಲಿ ಬಂದೆ?" ಎಂದರು.

"ಬೈಕಲ್ಲಿ."

"ಯಾರ್ ಕೂಡೆ?"

"ನಾನೇ. ಒಬ್ಳೇ." ಆಮೇಲೆ ಬಾಯಿ ನಿಲ್ಲಲಿಲ್ಲ. "ಅತ್ಕೊಂಡೇ ಬಂದೆ. ತೊಪ್ಪೂರ್ ಗಾಟಲ್ಲಿ ನಂಗೆ ಖುಷಿಯಾಗೋಯ್ತು. ಕೂಗಿದೆ ಗೊತ್ತಾ, ಲಾರಿಯೋರೆಲ್ಲ ನೋಡೋ ಅಂಗೆ. ನೀವು ಸತ್ತೋಗಿದೀರ ಅಂತ ಅಳ್ತಾ, ಅದೇ ಬಾಯಲ್ಲಿ ಕೂಗ್ದೆ."

ಇವರು ತಿರುಗಿ ನೋಡಿದರು. ಎಷ್ಟೋ ದಿನಗಳಿಂದ ಸತ್ತಂತಿದ್ದ ಆ ಮುಖದಲ್ಲಿ ಮೊದಲ ಸಲ ಏನೋ ಒಂದು ಕಂಡಿತು. ಸಿಟ್ಟು.

"ನಾನಿಲ್ಲಿ ಸಾಯಾಕ್ ಕೂತಿದ್ರೆ ನಿಂಗೆ ಗಾಡಿ ಓಡ್ಸೋ ಖುಷಿಯೇನ್ಲೇ?"

"ಆಂ, ಖುಷಿನೇ. ಏನ್ ಮಾಡ್ತೀರಾ? ಸತ್ತೂ ಓಗ್ತೀರಾ, ನನ್ ಖುಷಿನೂ ಕಿತ್ಕೊಂತೀರಾ?"

ಇವರು ನನ್ನ ಕಾಲುಗಳನ್ನು ನೋಡುತ್ತಿದ್ದರು, ನೀರಿನೊಳಗೆ ನನ್ನ ಎರಡು, ತಮ್ಮ ಎರಡು. ಕೊನೆಗೆ ದನಿ ತಗ್ಗಿಸಿ ಕೇಳಿದರು.

"ಬ್ರೇಕ್ ಒತ್ದಾಗ ಎಡಗಾಲು?"

"ಸುಮ್ನಿತ್ತು."

"ಸುಮ್ನಿತ್ತಾ" ಎಂದರು. "ಅದೆಂಗೆ ಸುಮ್ನಿರುತ್ತೆ ಕಲೈ?" ಮಗ್ಗ ಬಿಚ್ಚಿದಾಗ ಅಳದವರು, ಕೆರೆಯಂಗಳದಲ್ಲಿ ಬಿದ್ದಾಗ ಅಳದವರು, ನನ್ನ ಹೆಗಲಿಗೆ ಹಣೆಯಿಟ್ಟು ಹೋ ಎಂದು ಅತ್ತರು. ನಾನು ಸಮಾಧಾನ ಮಾಡಲಿಲ್ಲ. ಅಂಗಿ ತಂದು ತೊಡಿಸಿದೆ, ಗುಂಡಿ ಹಾಕಿದೆ, ಕೈ ಹಿಡಿದುಕೊಂಡು ರಸ್ತೆಗೆ ಹತ್ತಿಸಿದೆ.

ಬೈಕು ಬೀಗದ ಕೈ ಸಮೇತ ನಿಂತ ಜಾಗದಲ್ಲೇ ನಿಂತಿತ್ತು. ಇವರು ಅದರ ಸುತ್ತ ಒಂದು ಸಲ ನಡೆದು, ಹಿಂದೆ ಹತ್ತಿ ಕೂತರು. ಪೆನ್ನಾಗರ ಕಳೆಯಿತು, ಧರ್ಮಪುರಿ ಕಳೆಯಿತು. ಒಂದು ಕಡೆ ಗಾಡಿ ನಿಲ್ಲಿಸಿ ಮಗಳಿಗೆ ಫೋನು ಮಾಡಿ, ಅಪ್ಪ ನನ್ನ ಜೊತೆಗಿದ್ದಾರೆ ಎಂದಷ್ಟೇ ಹೇಳಿದೆ. ಬೆನ್ನ ಹಿಂದೆ ಇವರಿದ್ದಾರೆ ಎಂದು ಗೊತ್ತಿದ್ದರೂ, ಪ್ರತಿ ಲಾರಿ ಪಕ್ಕಕ್ಕೆ ಬಂದಾಗಲೂ ಇವರೆಲ್ಲಿ ಕೈಬಿಟ್ಟು ಬಿಡುತ್ತಾರೋ ಎಂದು ಜೀವ ಹೋಗಿ ಬರುತ್ತಿತ್ತು. ಇವರ ತೋಳನ್ನು ಎಳೆದು ನನ್ನ ಸೊಂಟಕ್ಕೆ ಸುತ್ತಿಕೊಂಡೆ. ಹಿಡಿತವೇ ಇರಲಿಲ್ಲ, ಸುಮ್ಮನೆ ಇಟ್ಟ ಕೈ.

ತೊಪ್ಪೂರಿನ ಇಳಿಜಾರು ಶುರುವಾಯಿತು. ಬೆಳಿಗ್ಗೆ ಹತ್ತಿದ್ದನ್ನು ಈಗ ಇಳಿಯಬೇಕು, ಹಿಂದೆ ಭಾರ. ಗೇರು ತಗ್ಗಿಸಿ ಮೆಲ್ಲಗೆ ಬಿಟ್ಟೆ. ಮೊದಲ ತಿರುವಿನಲ್ಲಿ ಬ್ರೇಕು ಒತ್ತಿದಾಗ ಗಾಡಿ ಒಂದಿಷ್ಟು ತೊನೆಯಿತು. ಚಕ್ರದಲ್ಲಿ ಏನೋ ಆಯಿತು ಎಂದು ಹೆದರಿದೆ. ಮತ್ತೆ ತೊನೆಯಿತು, ಬಲಕ್ಕೆ, ಎಡಕ್ಕೆ, ಬಲಕ್ಕೆ. ಗಾಡಿಯದಲ್ಲ. ಹಿಂದೆ ಇವರು ಕಾಲಿಟ್ಟುಕೊಂಡ ಕಂಬಿಗಳನ್ನು ತುಳಿಯುತ್ತಿದ್ದರು.

"ಕಾಲ್ ಸುಮ್ನೆ ಇಟ್ಕೊಳ್ರೀ, ಇಬ್ರೂ ಬೀಳ್ತೀವಿ!" ಎಂದು ಕಿರುಚಿದೆ.

ಕೂಡಲೇ ನಿಂತಿತು. ಕಾಲು ಪೂರ್ತಿ ಸುಮ್ಮನಾಯಿತು. ಗಾಡಿ ಹದವಾಗಿ ನೆಟ್ಟಗೆ ಇಳಿಯತೊಡಗಿತು. ಒಂದು ತಿರುವು ಕಳೆಯಿತು, ಇನ್ನೊಂದು ಕಳೆಯಿತು. ಹಿಂದಿನಿಂದ ಯಾವ ಅಲುಗಾಟವೂ ಇಲ್ಲ. ಎಷ್ಟೋ ರಾತ್ರಿ ಪಕ್ಕದಲ್ಲಿ ಮಲಗಿದ್ದ ಅದೇ ಅಲುಗದ ಕಾಲು.

"ರೀ" ಎಂದು ಕೂಗಿದೆ. "ತುಳೀರಿ."

"ಬೀಳ್ತೀವಿ ಅಂದ್ಯಲ್ಲೇ."

"ಬಿದ್ರೆ ಬೀಳಾನ. ನಾನ್ ಇಡ್ಕೊಂತೀನಿ, ನೀವ್ ತುಳೀರಿ."

ಇನ್ನೂ ಒಂದು ತಿರುವು ಕಳೆಯಿತು. ಆಮೇಲೆ ಗಾಡಿ ಬಲಕ್ಕೆ ಒಂದಿಷ್ಟು ವಾಲಿತು. ಹ್ಯಾಂಡಲನ್ನು ಬಿಗಿಹಿಡಿದು ನೆಟ್ಟಗೆ ಮಾಡಿದೆ. ಎಡಕ್ಕೆ ವಾಲಿತು. ಮತ್ತೆ ನೆಟ್ಟಗೆ ಮಾಡಿದೆ.

"ಮನೆ ಬರೋ ವರ್ಗೂ ನಿಲ್ಸ್‌ಬೇಡಿ" ಎಂದೆ.